ಒಂದೇ ಸಮುದ್ರ, ಮೂರು ಕಾನೂನು: ಕೇರಳದ ನಿಯಮ ಕಾರವಾರಕ್ಕೆ ಬರುವುದು ಹೇಗೆ?

ಬೈತ್‌ಕೋಲ್ ಬದಿ (ಪ್ರಶ್ನೆ)

ಮಳೆಗಾಲದ ಮೀನುಗಾರಿಕೆ ನಿಷೇಧ ನಮ್ಮ ಕರ್ನಾಟಕದಲ್ಲೂ ಗೋವಾದಲ್ಲೂ ಜೂನ್ 1ರಿಂದ ಜುಲೈ 31, ಅಂದರೆ 61 ದಿನ. ಕೇರಳದಲ್ಲಿ ಟ್ರಾಲ್ (ಬೋಟಿನಿಂದ ಎಳೆಯುವ ದೊಡ್ಡ ಬಲೆ) ನಿಷೇಧ 52 ದಿನ. ಸಾಂಪ್ರದಾಯಿಕ ದೋಣಿಗಳಿಗೆ ಬಿಟ್ಟ ಅಂತರ ಗೋವಾದಲ್ಲಿ ದಡದಿಂದ 5 ಕಿ.ಮೀ., ನಮ್ಮಲ್ಲಿ 6. ಮರಿ ಮೀನಿನ ಅಳತೆಯ ಕಾನೂನು, ಅಂದರೆ ಇಷ್ಟು ಉದ್ದಕ್ಕಿಂತ ಚಿಕ್ಕ ಮೀನು ಹಿಡಿಯಬಾರದೆಂಬ ನಿಯಮ, ಮೊದಲು ತಂದದ್ದು ಕೇರಳ. ಸಮುದ್ರ ಒಂದೇ ಇರುವಾಗ ಇಷ್ಟೊಂದು ವ್ಯತ್ಯಾಸ ಯಾಕೆ? "ಕೇರಳದ ಕಾನೂನನ್ನು ಇಲ್ಲಿಯೂ ಜಾರಿ ಮಾಡಿ" ಎಂದು ನಮ್ಮ ಕಡೆಯ ಸಂಘವೊಂದು ಮನವಿ ಬರೆಯುತ್ತಿದೆ. ಅದನ್ನು ಯಾರಿಗೆ ಕೊಡಬೇಕು, ದಿಲ್ಲಿಗೋ ಬೆಂಗಳೂರಿಗೋ?

ಅನುಸೂಚಿ ಏಳು

ಬೆಂಗಳೂರಿಗೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯ ಪಟ್ಟಿಯ 21ನೇ ನಮೂದು. ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆ ಮಾತ್ರ ಕೇಂದ್ರ ಪಟ್ಟಿಯ 57ನೇ ನಮೂದು. ಗೆರೆ ಇರುವುದು 12 ನಾಟಿಕಲ್ ಮೈಲಿಗೆ, ಹೆಚ್ಚುಕಡಿಮೆ 22 ಕಿ.ಮೀ. ಅದರೊಳಗೆ ರಾಜ್ಯದ ಮಾತು, ಆಚೆ 200 ಮೈಲಿವರೆಗೆ ಕೇಂದ್ರದ್ದು.

ಇನ್ನು ರಾಜ್ಯಗಳ ಕಾನೂನುಗಳು ಅಣ್ಣತಮ್ಮಂದಿರ ಹಾಗೆ ಕಾಣುವುದಕ್ಕೆ ಕಾರಣ ಇದೆ. ಟ್ರಾಲ್ ಬೋಟಿನವರಿಗೂ ಪಾತಿ ದೋಣಿಯವರಿಗೂ ಜಗಳ ಜೋರಾದಾಗ 1976ರಲ್ಲಿ ಮಜುಂದಾರ್ ಸಮಿತಿ ಆಯಿತು, 1979ರಲ್ಲಿ ಕೇಂದ್ರ ಒಂದು ಮಾದರಿ ಮಸೂದೆ ಬರೆದು ಕರಾವಳಿ ರಾಜ್ಯಗಳಿಗೆ ಕಳಿಸಿತು. ಮಾದರಿ ಎಂದರೆ ಬರೀ ಕಾಗದ. ವಿಧಾನಸಭೆ ಪಾಸು ಮಾಡುವವರೆಗೆ ಅದಕ್ಕೆ ಬಲವಿಲ್ಲ. ಕೇರಳ ಮತ್ತು ಗೋವಾ 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ಕರ್ನಾಟಕ 1986ರಲ್ಲಿ ಕಾಯ್ದೆ ಮಾಡಿದವು. ಗುಜರಾತ್ 2003ರವರೆಗೆ ಎಳೆಯಿತು. ತಡ ಮಾಡಿದ್ದರಿಂದ ನಷ್ಟವೇ ಆಯಿತು ಅನ್ನುವ ಹಾಗಿಲ್ಲ: ಟ್ರಾಲ್ ಬಲೆಯ ಕೊನೆಯ ಚೀಲಕ್ಕೆ 40 ಮಿ.ಮೀ. ಚೌಕ ಕಣ್ಣು ಇರಬೇಕೆಂದು ಅದು ನಿಯಮದಲ್ಲೇ ಬರೆದುಕೊಂಡಿತು. ಓರೆ ಕಣ್ಣಿನ ಬಲೆ ಎಳೆತಕ್ಕೆ ಸಿಕ್ಕಿದೊಡನೆ ಮುಚ್ಚಿಕೊಳ್ಳುತ್ತದೆ. ಕಾಗದದ ಮೇಲೆ ಅಳತೆ ಎಷ್ಟೇ ಇದ್ದರೂ ಮರಿ ಹೊರಗೆ ಹೋಗುವುದಿಲ್ಲ. ಚೌಕ ಕಣ್ಣು ಎಳೆಯುವಾಗಲೂ ತೆರೆದೇ ಇರುತ್ತದೆ.

ಮೂಲ ಕಾಯ್ದೆ ಒಂದೇ ಅಚ್ಚಿನದು. ಎಷ್ಟು ಕಿ.ಮೀ., ಎಷ್ಟು ದಿನ, ಯಾವ ಬಲೆ ಎಂಬ ಖಾಲಿ ಜಾಗಗಳನ್ನು ಪ್ರತಿ ರಾಜ್ಯ ತನ್ನ ಅಧಿಸೂಚನೆಯಲ್ಲಿ ತುಂಬಿಕೊಳ್ಳುತ್ತದೆ. ನೀವು ಕೇಳಿದ 5, 6, 52, 61 ಎಲ್ಲ ಹುಟ್ಟುವುದು ಅಲ್ಲಿಯೇ.

ದಡದ ಗಾಳಿ

ಹಾಗೇನಿಲ್ಲ ಮಾರಾಯ್ರೇ, ಪಾರ್ಲಿಮೆಂಟ್ ಕಾನೂನು ಮಾಡಿದರೆ ಎಲ್ಲಾ ರಾಜ್ಯಕ್ಕೂ ತನ್ನಿಂದ ತಾನೇ ಬರುತ್ತದಲ್ಲ? ಮೀನು ಸೆಳೆಯಲು ಬೋಟಿನಲ್ಲಿ ಹಾಕುವ ಎಲ್‌ಇಡಿ ಲೈಟ್ ನಿಷೇಧ ಕೇಂದ್ರದ್ದೇ ಅಲ್ಲವೇ?

ಅನುಸೂಚಿ ಏಳು

ಕೇಂದ್ರದ ಆ ಆದೇಶ 2017ರ ನವೆಂಬರಿನದು, ಅನ್ವಯಿಸುವುದು 12 ಮೈಲಿಯ ಆಚೆಗೆ. ಒಳಗೆ ಲೈಟ್ ಹಾಕಿದವನನ್ನು ಹಿಡಿಯಬೇಕಾದರೆ ರಾಜ್ಯದ ಆದೇಶವೇ ಬೇಕು. ಕಾರವಾರದ ಬೋಟು ಗಡಿಯ ಪೋಳೆಂ ದಾಟಿ ಗೋವಾದ ನೀರಿಗೆ ಹೋದರೆ ಅಲ್ಲಿ ನಡೆಯುವುದು ಗೋವಾದ ಕಾನೂನು, ನಮ್ಮ ಲೈಸೆನ್ಸ್ ತೋರಿಸಿದರೆ ಆಗುವುದಿಲ್ಲ. ಕೇರಳದ 52 ದಿನವೂ ಅದರ 12 ಮೈಲಿಯೊಳಗಿನ ಲೆಕ್ಕವೇ; ಆಚೆ ಅವರಿಗೂ ಕೇಂದ್ರದ 61 ದಿನ.

ರಾಜ್ಯ ಪಟ್ಟಿಯ ವಿಷಯದಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಬಹುದಾದ ಒಂದು ದಾರಿ 252ನೇ ವಿಧಿ. ಕನಿಷ್ಠ ಎರಡು ರಾಜ್ಯಗಳ ಶಾಸಕಾಂಗ ನಿರ್ಣಯ ಮಾಡಿ ಕೇಳಿಕೊಳ್ಳಬೇಕು, ಕಾನೂನು ಅನ್ವಯಿಸುವುದು ಕೇಳಿದವರಿಗೆ ಮಾತ್ರ. ಉಳಿದವರು ಬೇಕಾದಾಗ ನಿರ್ಣಯ ಮಾಡಿ ಸೇರಬಹುದು. 1974ರ ಜಲ ಮಾಲಿನ್ಯ ಕಾಯ್ದೆ ಹಾಗೆ ಬಂದದ್ದು, ಮೊದಲು ಕೇಳಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2024ರ ಅದರ ತಿದ್ದುಪಡಿ ರಾಜ್ಯಗಳ ಪೈಕಿ ಮೊದಲು ಜಾರಿಯಾದದ್ದು ಹಿಮಾಚಲ ಮತ್ತು ರಾಜಸ್ಥಾನದಲ್ಲಿ. ಈ ದಾರಿಯಲ್ಲೊಂದು ಸಿಕ್ಕು: ಒಮ್ಮೆ ಒಪ್ಪಿಕೊಂಡ ಕಾನೂನನ್ನು ರಾಜ್ಯ ತಾನೇ ತಿದ್ದುವಂತಿಲ್ಲ, ಮತ್ತೆ ದಿಲ್ಲಿಗೇ ಹೋಗಬೇಕು. ಮೀನಿನ ವಿಷಯಕ್ಕೆ ಅದು ಬೇಡವೇ ಬೇಡ.

ಅಳತೆಪಟ್ಟಿ

ಮನವಿಯ ಬಗ್ಗೆ ಹೇಳುವುದಾದರೆ, "ಕೇರಳದ ಕಾನೂನು ಜಾರಿ ಮಾಡಿ" ಎಂಬ ಸಾಲನ್ನು ಮೊದಲು ಹೊಡೆದು ಹಾಕಿ. ಹೊಸ ಕಾನೂನು ಕೇಳಿದರೆ ಫೈಲು ಕಾನೂನು ಇಲಾಖೆ, ಸಂಪುಟ, ಎರಡೂ ಸದನ, ರಾಜ್ಯಪಾಲರು ಎಂದು ಸುತ್ತುತ್ತದೆ. "1986ರ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿ" ಎಂದು ಬರೆದರೆ ಮೀನುಗಾರಿಕೆ ಇಲಾಖೆಯ ಮಟ್ಟದಲ್ಲೇ ಕೆಲಸ ಶುರುವಾಗುತ್ತದೆ. ಅದಕ್ಕೂ ಮೊದಲು ಮರಿ ಮೀನಿನ ಅಳತೆಯ ಬಗ್ಗೆ ಈಗ ಜಾರಿಯಲ್ಲಿರುವ ಕರ್ನಾಟಕದ ಆದೇಶದ ಪ್ರತಿ ತೆಗೆದುಕೊಂಡು ಯಾವ ಮೀನಿನ ಜಾತಿಗಳು ಬಿಟ್ಟುಹೋಗಿವೆ ನೋಡಿ, ಅವನ್ನಷ್ಟೇ ಕೇಳಿ. ಇರುವುದನ್ನೇ ಮತ್ತೆ ಕೇಳಿದರೆ "ಈಗಾಗಲೇ ಕ್ರಮ ವಹಿಸಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂದು ಫೈಲು ಮುಚ್ಚುತ್ತದೆ.

ಕೇರಳ 2015ರಲ್ಲಿ 14 ಜಾತಿಗಳಿಂದ ಶುರು ಮಾಡಿ ಆಮೇಲೆ 58ಕ್ಕೆ ಏರಿಸಿತು. ತಾರ್ಲೆಗೆ (ಭೂತಾಯಿ) 10 ಸೆಂ.ಮೀ., ಬಂಗಡೆಗೆ 14 ಸೆಂ.ಮೀ. ಈ ಅಂಕಿಗಳನ್ನು ಹಾಗೇ ಎತ್ತಿ ಹಾಕಬೇಡಿ. ಮೊಟ್ಟೆಗೆ ಬರುವ ಗಾತ್ರ ಕರಾವಳಿಯಿಂದ ಕರಾವಳಿಗೆ ಬೇರೆಯಾಗಬಹುದು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ, ಕರ್ನಾಟಕಕ್ಕೆ ಶಿಫಾರಸಾದ ಅಳತೆಯನ್ನು ಅಲ್ಲಿ ಕೇಳಿ ಲಗತ್ತಿಸಿ.

ಅಳೆಯುವ ರೀತಿಯನ್ನೂ ಬರೆಯಲೇಬೇಕು. ಬಂಗಡೆಯನ್ನು ಬಾಯಿಯ ತುದಿಯಿಂದ ಬಾಲದ ತುದಿಗೆ ಅಳೆದರೆ ಒಂದು ಲೆಕ್ಕ, ಬಾಲದ ಕವಲಿಗೆ ಅಳೆದರೆ ಅಳತೆ ಒಂದು ಸೆಂಟಿಮೀಟರಿಗೂ ಮಿಕ್ಕಿ ಕಡಿಮೆ ಬರುತ್ತದೆ. ಏಡಿಗೆ ಚಿಪ್ಪಿನ ಅಗಲ, ಬೊಂಡಾಸಿಗೆ (ಸ್ಕ್ವಿಡ್) ತಲೆ ಮತ್ತು ಕಾಲು ಬಿಟ್ಟು ಮೈಯ ಉದ್ದ. ಇದು ಸ್ಪಷ್ಟ ಇಲ್ಲದಿದ್ದರೆ ಧಕ್ಕೆಯ (ಮೀನು ಇಳಿಸುವ ಕಟ್ಟೆ) ಮೇಲೆ ಅಧಿಕಾರಿಗೂ ಬೋಟು ನಡೆಸುವ ತಾಂಡೇಲನಿಗೂ ದಿನಾ ತಕರಾರು, ದಂಡ ಹಾಕಿದರೂ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ.

ತಪಾಸಣೆಯನ್ನು ಸಮುದ್ರದಲ್ಲಿ ಕೇಳಬೇಡಿ, ಮೀನು ಇಳಿಯುವ ಬಂದರಿನಲ್ಲಿ ಕೇಳಿ. ಮೀನು ಖರೀದಿಸುವವರನ್ನೂ ಹೊಣೆ ಮಾಡಿ, ಇಲ್ಲವಾದರೆ ಮರಿ ಮೀನು ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತುವುದು ನಿಲ್ಲುವುದಿಲ್ಲ.

ಬೈತ್‌ಕೋಲ್ ಬದಿ

ಗೋವಾ ಇದನ್ನು ಮಾಡದಿದ್ದರೆ? ಇಲ್ಲಿ ಹಿಡಿದದ್ದನ್ನು ಅಲ್ಲಿ ಇಳಿಸುತ್ತಾರಲ್ಲ.

ಅಳತೆಪಟ್ಟಿ

ಇಳಿಸುತ್ತಾರೆ, ಅದು ಇರುವ ತೂತೇ. ಕರ್ನಾಟಕದ ಅಧಿಸೂಚನೆ ಗೋವಾದ ಧಕ್ಕೆಯ ಮೇಲೆ ನಡೆಯುವುದಿಲ್ಲ. ಅದಕ್ಕೇ ಮನವಿಯ ಇನ್ನೊಂದು ಪ್ರತಿಯನ್ನು ಗೋವಾದ ಮೀನುಗಾರಿಕೆ ನಿರ್ದೇಶನಾಲಯಕ್ಕೂ ಕಳಿಸಿ, ಅದೇ ಅಳತೆಗಳನ್ನು ಲಗತ್ತಿಸಿ. ನಮ್ಮ ಕಡೆಯಿಂದ ಆಗುವುದು ಒಂದಿದೆ: ನಿಯಮ ಮೀರಿದರೆ ಬೋಟಿನ ಲೈಸೆನ್ಸಿಗೆ ಪೆಟ್ಟು ಬೀಳುವಂತೆ ಷರತ್ತು ಹಾಕಿಸುವುದು. ಮೀನನ್ನು ಅಲ್ಲಿ ಇಳಿಸಿದರೂ ಬೋಟು ವಾಪಸು ಬರುವುದು ಕಾರವಾರದ ಬಂದರು ಬೈತ್‌ಕೋಲಿಗೇ.