ಮೆಕ್ಕೆಜೋಳದ ರಾಶಿಗೆ ಉಷ್ಣಮಾಪಕ: 2 ಕೆಬಿ ರ‍್ಯಾಮ್‌ನಲ್ಲಿ ಕೋಷ್ಟಕ ಇಡುವುದು ಹೇಗೆ?

ಪ್ರಶ್ನೆ (ದಾವಣಗೆರೆ)

ನಮಸ್ಕಾರ. ಕೊಯ್ಲಾದ ಮೆಕ್ಕೆಜೋಳವನ್ನು ಮಾರುಕಟ್ಟೆಗೆ ಒಯ್ಯುವವರೆಗೆ ನಮ್ಮಲ್ಲಿ ಗೋದಾಮಿನಲ್ಲಿ ರಾಶಿ ಹಾಕಿಡುತ್ತೇವೆ. ತೇವ ಉಳಿದ ಕಾಳು ಒಳಗೊಳಗೇ ಬಿಸಿಯೇರಿ ಬೂಷ್ಟು ಹಿಡಿಯುವುದರಿಂದ, ರಾಶಿಯೊಳಗಿನ ಉಷ್ಣತೆಯನ್ನು ತೋರಿಸುವ ಸಣ್ಣ ಉಪಕರಣವೊಂದನ್ನು ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸಿ ಮಾಡುತ್ತಿದ್ದೇನೆ. ಥರ್ಮಿಸ್ಟರ್ (ಉಷ್ಣತೆಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) 10 ಕಿಲೋ ಓಮ್‌ನ ಎನ್‌ಟಿಸಿ, ಅಂದರೆ ಬಿಸಿಯೇರಿದಂತೆ ರೋಧ ಇಳಿಯುವ ಬಗೆ; ಆ ಇಳಿಕೆ ಎಷ್ಟು ಕಡಿದು ಎಂದು ತಿಳಿಸುವ ಬಿ ಮೌಲ್ಯ 3950. ಅದು ಗ್ರೌಂಡ್ ಕಡೆಗಿದೆ, ಮೇಲೆ 10 ಕಿಲೋ ಓಮ್‌ನ ರೆಸಿಸ್ಟರ್ ಇದೆ. ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಕೊಡುವ 1024 ಅಂಕಿಗಳಿಗೂ ಉಷ್ಣತೆಯನ್ನು ಮೊದಲೇ ಲೆಕ್ಕಹಾಕಿ, ತಲಾ 2 ಬೈಟ್‌ಗಳಂತೆ ಕೋಷ್ಟಕ ಬರೆದಿದ್ದೇನೆ. ಕಾನ್ಸ್ಟ್ (ಬದಲಾಗದ ಬೆಲೆ) ಎಂದು ಘೋಷಿಸಿದ್ದರೂ ರ‍್ಯಾಮ್ (ಪ್ರೋಗ್ರಾಂ ಓಡುವಾಗಿನ ತಾತ್ಕಾಲಿಕ ಸ್ಮೃತಿ) ಸಾಲದೆಂಬ ದೋಷ ಬರುತ್ತಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ (ಚಿತ್ರದುರ್ಗ)

ಸರ್, ತಮ್ಮ ಕೋಷ್ಟಕ 2048 ಬೈಟ್. ಊನೋದಲ್ಲಿರುವ ಎಟಿಮೆಗಾ 328ಪಿ ಚಿಪ್ಪಿನ ರ‍್ಯಾಮ್ ಕೂಡ 2048 ಬೈಟೇ. ಈ ಚಿಪ್ಪಿನಲ್ಲಿ ಫ್ಲ್ಯಾಶ್ (ಪ್ರೋಗ್ರಾಂ ಉಳಿದಿರುವ ಶಾಶ್ವತ ಸ್ಮೃತಿ) ಮತ್ತು ರ‍್ಯಾಮ್‌ಗಳ ವಿಳಾಸಗಳು ಬೇರೆ ಬೇರೆಯಾಗಿರುವುದರಿಂದ, ಕಾನ್ಸ್ಟ್ ಎಂದಷ್ಟೇ ಬರೆದ ಕೋಷ್ಟಕವನ್ನು ಚಿಪ್ಪು ಚಾಲೂ ಆದೊಡನೆ ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ ನಕಲು ಮಾಡಲಾಗುತ್ತದೆ. ಘೋಷಣೆಯಲ್ಲಿ ಪ್ರೋಗ್‌ಮೆಮ್ ಸೇರಿಸಿದರೆ ಅದು 32 ಕೆಬಿ ಫ್ಲ್ಯಾಶ್‌ನಲ್ಲಿಯೇ ಉಳಿಯುತ್ತದೆ. ಆದರೆ ಓದುವಾಗ ಫ್ಲ್ಯಾಶ್‌ನಿಂದ ಓದಿಕೊಡುವ ಪಿಜಿಎಂ ರೀಡ್ ವರ್ಡ್ ಆದೇಶವನ್ನು ಬಳಸಲೇಬೇಕು. ಎಂದಿನ ಚೌಕಾವರಣದಿಂದ ಓದಿದರೆ ಕಂಪೈಲರ್ ಏನೂ ಹೇಳುವುದಿಲ್ಲ, ರ‍್ಯಾಮ್‌ನ ಅದೇ ವಿಳಾಸದಲ್ಲಿರುವ ಸಂಬಂಧವಿಲ್ಲದ ಅಂಕಿ ಕೈಗೆ ಬರುತ್ತದೆ. ಈ ತಪ್ಪನ್ನು ಹುಡುಕುವುದರಲ್ಲಿ ನಾನು ಎರಡು ದಿನ ಕಳೆದಿದ್ದೇನೆ.

ಉತ್ತರ (ಹೊಳಲ್ಕೆರೆ)

ಮೇಲಿನ ಮಾತು ಸರಿ. ಆದರೂ 1024 ಅಂಶಗಳು ಬೇಕೇ ಎಂಬುದನ್ನು ಮೊದಲು ಯೋಚಿಸಬೇಕೆಂದು ನನ್ನ ಅಭಿಪ್ರಾಯ. ತಮ್ಮ ಜೋಡಣೆಯಲ್ಲಿ 10 ಡಿಗ್ರಿಗೆ ಎಡಿಸಿ ಸುಮಾರು 684, 60 ಡಿಗ್ರಿಗೆ ಸುಮಾರು 204 ತೋರಿಸುತ್ತದೆ. ಆದ್ದರಿಂದ 192ರಿಂದ 688ರವರೆಗೆ 16ಕ್ಕೊಂದರಂತೆ ಬೆಲೆಗಳನ್ನಿಟ್ಟರೆ 32 ಅಂಶಗಳು, ಅಂದರೆ 64 ಬೈಟ್ ಸಾಕು. ಅಂತರವನ್ನು 16 ಎಂದು ಆರಿಸಿದ್ದಕ್ಕೆ ಕಾರಣವಿದೆ: ಎಡಿಸಿ ಅಂಕಿಯಿಂದ 192 ಕಳೆದು ನಾಲ್ಕು ಬಿಟ್ ಬಲಕ್ಕೆ ಸರಿಸಿದರೆ ಕೋಷ್ಟಕದ ಸ್ಥಾನ ಸಿಗುತ್ತದೆ, ಕೆಳಗಿನ ನಾಲ್ಕು ಬಿಟ್‌ಗಳು ಶೇಷವಾಗಿ ಉಳಿಯುತ್ತವೆ, ಭಾಗಾಕಾರವೇ ಬೇಕಾಗುವುದಿಲ್ಲ. ಅಕ್ಕಪಕ್ಕದ ಎರಡು ಬೆಲೆಗಳ ವ್ಯತ್ಯಾಸವನ್ನು ಶೇಷದಿಂದ ಗುಣಿಸಿ, 8 ಕೂಡಿಸಿ, ಮತ್ತೆ ನಾಲ್ಕು ಬಿಟ್ ಸರಿಸಿ, ಬಂದದ್ದನ್ನು ಮೊದಲ ಬೆಲೆಯಿಂದ ಕಳೆಯಿರಿ. ಎಡಿಸಿ ಏರಿದಂತೆ ಉಷ್ಣತೆ ಇಳಿಯುವುದರಿಂದ, ಮೊದಲ ಬೆಲೆಯಿಂದ ಎರಡನೆಯದನ್ನು ಕಳೆದರೆ ವ್ಯತ್ಯಾಸ ಧನವಾಗಿಯೇ ಇರುತ್ತದೆ. ಬೆಲೆಗಳನ್ನು ಡಿಗ್ರಿಯ ಹತ್ತನೇ ಒಂದು ಭಾಗದಲ್ಲಿ ಬರೆದರೆ ಇಡೀ ಲೆಕ್ಕ 16 ಬಿಟ್‌ನಲ್ಲಿ ಮುಗಿಯುತ್ತದೆ.

ನೇರಗೆರೆಯ ಈ ಅಂದಾಜಿನಿಂದ ಬರುವ ತಪ್ಪು ಆ ವ್ಯಾಪ್ತಿಯಲ್ಲಿ 0.1 ಡಿಗ್ರಿಯನ್ನು ಮೀರುವುದಿಲ್ಲ. ಥರ್ಮಿಸ್ಟರ್‌ನ ರೋಧ ಶೇ. 1ರಷ್ಟು ಹೆಚ್ಚುಕಡಿಮೆಯಾದರೆ ಸಾಕು, 25 ಡಿಗ್ರಿಯಲ್ಲಿ 0.2 ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸವಾಗುತ್ತದೆ. ಹೀಗಿರುವಾಗ ದೊಡ್ಡ ಕೋಷ್ಟಕದಿಂದ ನಿಖರತೆ ಹೆಚ್ಚದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. 32 ಅಂಶಗಳ ಕೋಷ್ಟಕವನ್ನು ಪ್ರೋಗ್‌ಮೆಮ್‌ನಲ್ಲಿಯೇ ಇಟ್ಟೆ. ಪರದೆಗೆ ಬರೆಯುವ ವಾಕ್ಯಗಳನ್ನೂ ಎಫ್ ಮ್ಯಾಕ್ರೋ ಬಳಸಿ ಫ್ಲ್ಯಾಶ್‌ಗೆ ಸಾಗಿಸಿದೆ. ಅಂಕಿ 192ಕ್ಕಿಂತ ಕೆಳಗಿಳಿದರೆ, ಅದು ಅತಿಯಾದ ಬಿಸಿಯಾಗಿರಲಿ, ತಂತಿಗಳು ಒಂದಕ್ಕೊಂದು ತಾಗಿದ್ದಾಗಿರಲಿ, ಎಚ್ಚರಿಕೆಯ ಗಂಟೆ ಬಾರಿಸುವಂತೆ ಮಾಡಿದ್ದೇನೆ. ಗೋದಾಮಿನಲ್ಲಿ ಇಲಿಗಳ ಕಾಟ ಇರುವುದರಿಂದ ತಂತಿ ತುಂಡಾಗುವ ಸಂಭವವೂ ಇದೆ. ಆಗ ಎಡಿಸಿ 1023ರ ಹತ್ತಿರ ನಿಲ್ಲುತ್ತದೆ. ಆದ್ದರಿಂದ 687ನ್ನು ಮೀರಿದ ಅಂಕಿಯನ್ನು ಕೋಷ್ಟಕಕ್ಕೆ ಕಳಿಸದೆ, ತಂತಿಯನ್ನು ಪರೀಕ್ಷಿಸಿ ಎಂದು ಪರದೆಯಲ್ಲಿ ತೋರಿಸುತ್ತಿದ್ದೇನೆ.