ಸಹಾಯ ಬೇಕು: ತಮ್ಮನ ತೋರುಬೆರಳಿಗೆ ಯಾವ ಫ್ಲ್ಯಾಪ್ ಸೂಕ್ತ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ರೆಸ್‌ಗೆ ಸಿಲುಕಿ ನನ್ನ ತಮ್ಮನ ಬಲಗೈ ತೋರುಬೆರಳಿನ ತುದಿಯ ಒಳಭಾಗದ ಚರ್ಮ ಕಿತ್ತುಹೋಗಿದ್ದು, ಡ್ರೆಸ್ಸಿಂಗ್ ಬಿಚ್ಚಿದಾಗ ಬಿಳಿಯ ಮೂಳೆ ಕಾಣುತ್ತದೆ. ಬರಿಯ ಮೂಳೆಯ ಮೇಲೆ ತೆಳು ಚರ್ಮದ ಕಸಿ ಹಿಡಿಯುವುದಿಲ್ಲ, ರಕ್ತಸಂಚಾರವಿರುವ ಫ್ಲ್ಯಾಪ್ (ಒಂದು ಬದಿ ಮೂಲ ಜಾಗಕ್ಕೆ ಅಂಟಿಕೊಂಡಿರುವಂತೆಯೇ ಎತ್ತಿ ಗಾಯಕ್ಕೆ ಹೊಲಿಯುವ ಚರ್ಮ) ಬೇಕು ಎಂಬುದು ಅರ್ಥವಾಗಿದೆ. ಇಬ್ಬರು ಪ್ಲಾಸ್ಟಿಕ್ ಸರ್ಜನ್‌ಗಳನ್ನು ಕಂಡೆವು. ಒಬ್ಬರು ನಡುಬೆರಳಿನ ಹಿಂಬದಿಯ ಚರ್ಮವನ್ನು ಮಗುಚಿ ಹೊಲಿದು, 2–3 ವಾರ ಎರಡೂ ಬೆರಳುಗಳನ್ನು ಜೋಡಿಸಿಯೇ ಇಟ್ಟು ಬಳಿಕ ಬೇರ್ಪಡಿಸುವ ಕ್ರಾಸ್ ಫಿಂಗರ್ ಫ್ಲ್ಯಾಪ್ ಎಂದರೆ, ಇನ್ನೊಬ್ಬರು ಕೈಯನ್ನು ತೊಡೆಸಂದಿಗೆ ಹೊಲಿಯುವ ಗ್ರಾಯಿನ್ ಫ್ಲ್ಯಾಪ್ ಸೂಚಿಸಿದ್ದಾರೆ. ಮೊದಲನೆಯದಕ್ಕೆ ಗಾಯವಾಗದ ಬೆರಳನ್ನೂ ಕೊಯ್ಯಬೇಕಲ್ಲ ಎಂಬ ಸಂಕಟ. ಎರಡನೆಯದು ದಪ್ಪವಾಗಿ, ಸ್ಪರ್ಶ ಮಂದವಾಗಿರುತ್ತದಂತೆ. ವರ್ನಿಯರ್ ಹಿಡಿದು ಅಳತೆ ನೋಡುವ ಫಿಟ್ಟರ್‌ಗೆ ಬೆರಳತುದಿಯ ಸ್ಪರ್ಶವೇ ಅನ್ನ. ಕ್ರಾಸ್ ಫಿಂಗರ್ ಫ್ಲ್ಯಾಪ್ ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ: ಸ್ಪರ್ಶ ಎಷ್ಟು ತಿಂಗಳಿಗೆ ಮರಳಿತು, ಚರ್ಮ ಕೊಟ್ಟ ಬೆರಳು ಪೂರ್ತಿ ಮಡಚಲು ಬರುತ್ತಿದೆಯೇ?