ಇಳಕಲ್ ಗ್ರಾನೈಟಿನಲ್ಲಿ ಇಲ್ಲದ ತವರ ಚುಕೋಟ್ಕಾದಲ್ಲಿ ಏಕಿದೆ?

ಪ್ರಶ್ನೆ (ಇಳಕಲ್‌ನ ವಿದ್ಯಾರ್ಥಿನಿ):
ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾದಲ್ಲಿ, ಪೆವೆಕ್ ಬಂದರಿನ ಸೀಮೆಯಲ್ಲಿರುವ ಪಿರ್ಕಾಕಾಯ್ ತವರ ನಿಕ್ಷೇಪದ ಬಗ್ಗೆ ಓದುತ್ತಿದ್ದೇನೆ. ಅಷ್ಟು ದೊಡ್ಡ ನಿಕ್ಷೇಪ ಅಭಿವೃದ್ಧಿಯಾಗದೆ ಉಳಿದಿರುವುದು ಏಕೆ? ತವರ ಗ್ರಾನೈಟಿನ ಜೊತೆಗೆ ಬರುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ನಮ್ಮ ಊರಿನ ಸುತ್ತ ಕೆಂಪು ಗ್ರಾನೈಟಿನ ಕ್ವಾರಿಗಳೇ ತುಂಬಿದ್ದರೂ ಇಲ್ಲಿ ತವರದ ಅದಿರು ಏಕಿಲ್ಲ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಉತ್ತರ 1 (ಬಾಗಲಕೋಟೆ):
ತಂಗಿ, ಗ್ರಾನೈಟ್ ಇದ್ದಲ್ಲೆಲ್ಲ ತವರ ಇರುವುದಿಲ್ಲ. ಭೂಮಿಯ ತೊಗಟೆಯಲ್ಲಿ ತವರದ ಸರಾಸರಿ ಪ್ರಮಾಣ ಟನ್ನಿಗೆ ಸುಮಾರು 2 ಗ್ರಾಂ. ಅದು ಅದಿರು ಎನಿಸಿಕೊಳ್ಳಬೇಕಾದರೆ ಸಾವಿರ ಪಟ್ಟು ಒಂದೆಡೆ ಕೂಡಬೇಕು. ಶಿಲಾಪಾಕ ತಣಿದು ಹರಳುಗಟ್ಟುತ್ತ ಹೋದಂತೆ ಕೊನೆಗೆ ಉಳಿಯುವ ದ್ರವವೇ ಆ ಕೆಲಸ ಮಾಡುತ್ತದೆ. ಆದರೆ ಶಿಲಾಪಾಕ ಹೆಚ್ಚು ಉತ್ಕರ್ಷಿತವಾಗಿದ್ದರೆ ತವರವು ಮ್ಯಾಗ್ನೆಟೈಟ್, ಟೈಟನೈಟ್‌ನಂಥ ಖನಿಜಗಳೊಳಗೆ ಮೊದಲೇ ಸೇರಿಕೊಂಡು ಬಂಡೆಯ ತುಂಬ ಚದುರಿಹೋಗುತ್ತದೆ. ಹಾಗಲ್ಲದಿದ್ದರೆ ಕೊನೆಯ ದ್ರವದವರೆಗೂ ಉಳಿಯುತ್ತದೆ. ಜಪಾನಿನ ಭೂವಿಜ್ಞಾನಿ ಶುನ್ಸೊ ಇಶಿಹಾರಾ 1977ರಲ್ಲಿ ಗ್ರಾನೈಟುಗಳನ್ನು ಮ್ಯಾಗ್ನೆಟೈಟ್ ಸರಣಿ (ಹೆಚ್ಚು ಉತ್ಕರ್ಷಿತವಾದವು) ಮತ್ತು ಇಲ್ಮನೈಟ್ ಸರಣಿ (ಹಾಗಲ್ಲದವು) ಎಂದು ವಿಂಗಡಿಸಿದರು. ತವರ ಬಹುಪಾಲು ಎರಡನೆಯದರ ಜೊತೆಗೇ ಸಿಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಹೊಸದಾಗಿ ಒಡೆದ ಕಲ್ಲಿನ ಚೂರನ್ನು ಕಲ್ಲಿನ ಒರಳಿನಲ್ಲಿ ಕುಟ್ಟಿ, ಪುಡಿಯನ್ನು ಕಾಗದದ ಮೇಲೆ ಹರಡಿ, ಅಡಿಯಿಂದ ಅಯಸ್ಕಾಂತ ಆಡಿಸಿ. ಕಪ್ಪು ಕಣಗಳು ಎದ್ದು ಸಾಲುಗಟ್ಟಿದರೆ ಅದು ಮ್ಯಾಗ್ನೆಟೈಟ್, ಅಂದರೆ ಕಲ್ಲು ಮೊದಲನೆಯ ಸರಣಿಯದು. ಕಾರ್ಖಾನೆಯ ಪುಡಿ ಮಾತ್ರ ಬೇಡ. ಅದರಲ್ಲಿ ಗರಗಸದ ಉಕ್ಕಿನ ಚೂರುಗಳು ಬೆರೆತಿರುತ್ತವೆ. ಕಲ್ಲಿನ ಕೆಂಪು ಬಣ್ಣವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ, ಆ ಬಣ್ಣ ಬಂಡೆ ಹುಟ್ಟಿದ ಎಷ್ಟೋ ಕಾಲದ ಮೇಲೆಯೂ ಬರಬಹುದು.

ಉತ್ತರ 2 (ಸವದತ್ತಿ, ಬೆಳಗಾವಿ ಜಿಲ್ಲೆ):
ರಸಾಯನದ ಜೊತೆಗೆ ಸವೆತದ ಲೆಕ್ಕವನ್ನೂ ಹಾಕಬೇಕು. ತವರ ಕೂಡುವುದು ಗ್ರಾನೈಟಿನ ನೆತ್ತಿಯಲ್ಲಿ ಮತ್ತು ಅದನ್ನು ಹೊದ್ದ ಶಿಲೆಯ ಬಿರುಕುಗಳಲ್ಲಿ. ಪಿರ್ಕಾಕಾಯ್‌ನಲ್ಲಿ ಟ್ರಯಾಸಿಕ್ ಕಾಲದ ಮರಳುಗಲ್ಲು ಮತ್ತು ಜೇಡಿಶಿಲೆಗಳ ಹೊದಿಕೆ ಇನ್ನೂ ಉಳಿದಿದ್ದು, ತವರದ ಮುಖ್ಯ ಅದಿರು ಖನಿಜವಾದ ಕ್ಯಾಸಿಟರೈಟ್ ಹೊತ್ತ ತೆಳು ಬೆಣಚುಕಲ್ಲಿನ ಎಳೆಗಳು ಅದರೊಳಗೆ ಬಲೆಯಂತೆ ಹೆಣೆದುಕೊಂಡಿವೆ. ನಮ್ಮ ಗ್ರಾನೈಟುಗಳು ಸುಮಾರು 250 ಕೋಟಿ ವರ್ಷ ಹಳೆಯವು. ಕಲಾದಗಿ ಶಿಲಾಸ್ತೋಮದ ತಳದಲ್ಲಿ ಉರುಟು ಬೆಣಚುಗಲ್ಲುಗಳ ಪದರವು ಹಳೆಯ ಗ್ರಾನೈಟ್ ಮತ್ತು ನೈಸ್ (ಪಟ್ಟೆಗಳುಳ್ಳ ರೂಪಾಂತರ ಶಿಲೆ) ಮೇಲೆ ನೇರವಾಗಿ ಕುಳಿತಿರುವುದನ್ನು ಕಾಣಬಹುದು. ಆ ಗಡಿಯ ಅರ್ಥ ಸ್ಪಷ್ಟವಾಗಿದೆ: ಕಲಾದಗಿಯ ಮೊದಲ ಮರಳು ಬೀಳುವ ಮುನ್ನವೇ ಇಲ್ಲಿಯ ಗ್ರಾನೈಟುಗಳ ನೆತ್ತಿ ಕೊಚ್ಚಿಹೋಗಿತ್ತು.

ಹಳೆಯ ನೆಲದಲ್ಲಿ ತವರವೇ ಇರುವುದಿಲ್ಲ ಎಂದು ಇದರಿಂದ ತಿಳಿಯಬಾರದು. ಛತ್ತೀಸಗಡದ ಬಸ್ತರ್ ಸೀಮೆ ಕೂಡ ಬಹಳ ಪ್ರಾಚೀನ. ಅಲ್ಲಿಯ ಪೆಗ್ಮಟೈಟುಗಳಲ್ಲಿ (ದಪ್ಪ ಹರಳುಗಳ ಗ್ರಾನೈಟಿನಂಥ ಶಿಲೆಗಳಲ್ಲಿ) ಲಿಥಿಯಂ ಅಭ್ರಕವಾದ ಲೆಪಿಡೊಲೈಟ್‌ನ ಜೊತೆಗೆ ಕ್ಯಾಸಿಟರೈಟ್ ಸಿಗುತ್ತದೆ.

ಉತ್ತರ 3 (ವಿಜಯಪುರ):
ಗಣಿ ಏಕೆ ತೆರೆದಿಲ್ಲ ಎಂಬುದಕ್ಕೆ ದೂರ ಮತ್ತು ಚಳಿ ಅರ್ಧ ಉತ್ತರ ಮಾತ್ರ. ಪೆವೆಕ್ ಸುತ್ತಲ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಸಮುದ್ರವೂ ವರ್ಷದ ಬಹುಭಾಗ ಮಂಜುಗಡ್ಡೆಯಾಗಿರುತ್ತದೆ, ನಿಜ. ಆದರೆ ಕಾಂಗೋದ ಬಿಸಿ ಎಂಬಲ್ಲಿಯೂ ರಸ್ತೆ ದುರ್ಗಮವೇ. ಅಲ್ಲಿಯ ಅದಿರಿನಲ್ಲಿ ಶೇಕಡಾ 4ಕ್ಕೂ ಹೆಚ್ಚು ತವರವಿದ್ದುದರಿಂದ 2019ರಲ್ಲಿ ಉತ್ಪಾದನೆ ಆರಂಭವಾಯಿತು. ಪಿರ್ಕಾಕಾಯ್‌ನಲ್ಲಿ ಅದು ಟನ್ನಿಗೆ ಎರಡು ಕೆಜಿಯ ಆಸುಪಾಸಿನಲ್ಲಿದೆ. ಉಳಿದ 998 ಕೆಜಿ ಕಲ್ಲನ್ನೂ ಅಗೆದು ಅರೆಯಲೇಬೇಕು.

ಅರೆಯುವುದರಲ್ಲಿಯೂ ಒಂದು ತೊಡಕಿದೆ. ಕ್ಯಾಸಿಟರೈಟ್‌ನ ಸಾಂದ್ರತೆ ಸುಮಾರು 7, ಬೆಣಚುಕಲ್ಲಿನದು 2.65, ಆದ್ದರಿಂದ ಕಣ ದಪ್ಪಗಿದ್ದರೆ ಅಲುಗುವ ಮೇಜಿನ ಮೇಲೆ ನೀರು ಹರಿಸಿಯೇ ಎರಡನ್ನೂ ಬೇರ್ಪಡಿಸಬಹುದು. ಆದರೆ ಕ್ಯಾಸಿಟರೈಟ್ ಪೆಡಸು. ತೆಳು ಎಳೆಗಳಿಂದ ಅದನ್ನು ಬಿಡಿಸಲು ನುಣ್ಣಗೆ ಅರೆದಷ್ಟೂ ಹಿಟ್ಟಾಗಿ, ನೀರಿನೊಂದಿಗೇ ಹರಿದುಹೋಗುತ್ತದೆ. ನಿಕ್ಷೇಪದ ಒಟ್ಟು ಗಾತ್ರಕ್ಕಿಂತ ಕಣದ ಗಾತ್ರವನ್ನು ಮೊದಲು ನೋಡಬೇಕೆಂದು ನಾನು ಹೇಳುವುದು ಇದಕ್ಕೇ.

ವಿದ್ಯಾರ್ಥಿನಿಗೆ ಒಂದು ಸಲಹೆ: ಕಾಲೇಜಿನ ಸಂಗ್ರಹದಲ್ಲಿ ಕ್ಯಾಸಿಟರೈಟ್ ಇದ್ದರೆ, ಅದರ ಒಂದು ಕಾಳನ್ನು ಶಿಕ್ಷಕರ ಸಮ್ಮುಖದಲ್ಲಿ ಸತುವಿನ ಚೂರಿನ ಜೊತೆಗೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಇರಿಸಿ. ಕೆಲವು ನಿಮಿಷಗಳಲ್ಲಿ ಕಾಳಿನ ಮೇಲೆ ಬೂದು ಬಣ್ಣದ ತವರದ ಲೇಪ ಕೂರುತ್ತದೆ. ತೊಳೆದು ಬಟ್ಟೆಯಿಂದ ಉಜ್ಜಿದರೆ ಅದು ಹೊಳೆಯುತ್ತದೆ. ಹಳ್ಳದ ಮರಳಿನಲ್ಲಿ ಸಿಗುವ ಭಾರವಾದ ಕಪ್ಪು ಕಾಳುಗಳನ್ನು ಗುರುತಿಸಲು ಇದೇ ಪರೀಕ್ಷೆಯನ್ನು ಬಳಸುತ್ತಾರೆ.